ಬೀರುವಿನಲ್ಲಿದ್ದ ಫೋನು, ಹೂ ಬಿಡದ ಅವರೆ

ಆಗ ನನಗೆ ಅರವತ್ತೆಂಟು. ಎಂಟು ವರ್ಷದ ಹಿಂದಿನ ಮಾತು. ದೆವ್ವ, ಗಾಳಿ, ಅಶರೀರವಾಣಿ ಎಂದು ಯಾರಾದರೂ ಬಾಯಿ ತೆರೆದರೆ, ಮೊದಲು ಹೊಟ್ಟೆ ತುಂಬಾ ಮುದ್ದೆ ಉಣ್ಣು, ಆಮೇಲೆ ಏನೂ ಕೇಳಿಸುವುದಿಲ್ಲ ಎಂದು ಕಳಿಸಿಬಿಡುತ್ತಿದ್ದೆ. ಈಗಲೂ ದೆವ್ವವನ್ನು ನಂಬುವುದಿಲ್ಲ. ಆದರೆ ಆ ವರ್ಷ ಒಂದು ಮಧ್ಯಾಹ್ನ ನಡೆದದ್ದನ್ನು ನಡೆದ ಹಾಗೆಯೇ ಇಲ್ಲಿ ಬರೆದಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಕಾಗುಣಿತವನ್ನು ಸೊಸೆ ಮಂಜುಳ ತಿದ್ದಿದ್ದಾಳೆ. ವಿಷಯ ತಿದ್ದಲು ಬಿಟ್ಟಿಲ್ಲ.

ನಮ್ಮದು ಅಮೃತಹಳ್ಳಿ. ಹೊಲವಿದ್ದ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಮನೆಗಳಿವೆ. ಮಾರಿದ್ದು ನಾವೇ, ಅದಕ್ಕೆ ಅತ್ತಿಲ್ಲ. ಹೊಲದಿಂದ ನಾನು ಉಳಿಸಿಕೊಂಡದ್ದು ಅವರೆ ಬೀಜ ಒಂದೇ. ಸೊಗಡಿನ ಅವರೆ. ಕಾಯಿ ಬಿಡಿಸಿದರೆ ಕೈಯ ವಾಸನೆ ಎರಡು ದಿನ ಹೋಗುವುದಿಲ್ಲ. ವರ್ಷವಿಡೀ ಮಾರುಕಟ್ಟೆಗೆ ಬರುವ ಈಗಿನ ಕಾಯಿಗೆ ಆ ಸೊಗಡು ಎಲ್ಲಿದೆ? ಪ್ರತಿ ವರ್ಷ ತಾರಸಿಯಲ್ಲಿ ಹಳೇ ಡ್ರಮ್ಮುಗಳಿಗೆ ಮಣ್ಣು ತುಂಬಿ ಬಿತ್ತಿ, ಬೀಜ ತೆಗೆದು ಬೂದಿ ಬೆರೆಸಿ ಮಡಕೆಯಲ್ಲಿಡುತ್ತಿದ್ದೆ.

ಮಂಜುಳ ನನ್ನನ್ನು ವಾಟ್ಸಾಪಿನ ಕೈತೋಟದ ಗುಂಪೊಂದಕ್ಕೆ ಸೇರಿಸಿದ್ದಳು. ಹೆಬ್ಬಾಳ, ಮತ್ತಿಕೆರೆ, ಯಲಹಂಕ ಎಲ್ಲ ಕಡೆಯವರೂ ಅದರಲ್ಲಿದ್ದರು. ಟೊಮೆಟೊ ಎಲೆ ಮುದುಡಿದೆ, ಕರಿಬೇವು ಚಿಗುರುತ್ತಿಲ್ಲ ಎಂದು ಫೋಟೊ ಹಾಕುತ್ತಿದ್ದರು. ನನಗೆ ಟೈಪು ಮಾಡಲು ಬಾರದು. ಮೈಕಿನ ಗುರುತನ್ನು ಒತ್ತಿ ಹಿಡಿದು ಮಾತಾಡುತ್ತಿದ್ದೆ. ಕರಿಬೇವಿಗೆ ಹುಳಿ ಮಜ್ಜಿಗೆ ಹುಯ್ಯಿ, ಗಿಡಕ್ಕೆ ಹೇನು ಹತ್ತಿದರೆ ಇಬ್ಬನಿ ಆರುವ ಮುಂಚೆ ಬೂದಿ ಉದುರಿಸು, ಹೊತ್ತಿಗೊಂದು ಸಲ ನೀರು ಹುಯ್ದು ಸಾಯಿಸಬೇಡ. ಬೈದರೂ ಜನ ಕೇಳುತ್ತಿದ್ದರು. "ಅಜ್ಜಿ ಬೈದ್ಮೇಲೇನೇ ಗುರು, ನಮ್ಮನೆ ಕರಿಬೇವು ಎದ್ದಿದ್ದು" ಎಂದು ಮತ್ತಿಕೆರೆಯವರೊಬ್ಬರು ಹೇಳಿದ್ದರು. ಯಲಹಂಕದಲ್ಲಿ ಹುಬ್ಬಳ್ಳಿ ಕಡೆಯ ಸರೋಜಮ್ಮ ಎಂಬ ಟೀಚರಿದ್ದರು. "ಅಮ್ಮಾರ, ಈ ಸಲ ನಿಮ್ಮ ಅವರಿ ಬೀಜ ನನಗೂ ಒಂದ್ ಹಿಡಿ ಇಡ್ರಿ" ಎಂದು ಕೇಳಿಟ್ಟಿದ್ದರು. ಇನ್ನೂ ಹತ್ತು ಜನ ಕೇಳಿದ್ದರು. ಎಲ್ಲರಿಗೂ ಹೂಂ ಎಂದಿದ್ದೆ.

ಆ ವರ್ಷ ಎರಡು ತಪ್ಪು ಮಾಡಿದೆ. ಮಡಕೆಗೆ ಹುಳು ಬಿದ್ದು ಹನ್ನೊಂದೇ ಬೀಜ ಉಳಿದಿದ್ದವು, ಅಷ್ಟನ್ನೂ ಬಿತ್ತಿಬಿಟ್ಟೆ. ಬಿತ್ತನೆ ಬೀಜವನ್ನು ಒಂದೂ ಬಿಡದೆ ಖಾಲಿ ಮಾಡುವವರುಂಟೇ? ಇನ್ನೊಂದು, ತಪ್ಪು ಎಂದು ಆಗ ಗೊತ್ತಿರಲಿಲ್ಲ. ಹಿಂದಿನ ವರ್ಷ ಯಾರೋ ಪಕ್ಕದ ತಾರಸಿಯಿಂದ ದಾಟಿ ಬಂದು ಕಾಯಿ ಕಿತ್ತುಕೊಂಡು ಹೋಗಿದ್ದರು. ಅದಕ್ಕೇ ಮಗನಿಗೆ ಹೇಳಿ ಡ್ರಮ್ಮುಗಳ ನೆತ್ತಿಯ ಮೇಲೆ ಒಂದು ದೊಡ್ಡ ಬಿಳೀ ದೀಪ ಹಾಕಿಸಿದೆ. ಸಂಜೆ ಆರಕ್ಕೆ ಹಾಕಿದರೆ ಬೆಳಗಿನವರೆಗೂ ಉರಿಯುತ್ತಿತ್ತು.

ಗಿಡ ಸೊಕ್ಕಿ ಬೆಳೆಯಿತು. ಎಲೆಯೋ ಎಲೆ. ಕಾರ್ತಿಕ ಮುಗಿದು ಬೀದಿಯಲ್ಲಿ ಅವರೆಕಾಯಿ ರಾಶಿ ಬಿದ್ದರೂ ನನ್ನ ಗಿಡದಲ್ಲಿ ಒಂದು ಹೂವಿಲ್ಲ. ತುದಿ ಚಿವುಟಿದೆ, ನೀರು ನಿಲ್ಲಿಸಿದೆ, ಬೂದಿ ಹಾಕಿದೆ. ಜಪ್ಪಯ್ಯ ಅನ್ನಲಿಲ್ಲ. ಹೂ ಬಿಡದೆ ಒಣಗಿದರೆ ಆ ಬೀಜ ಅಲ್ಲಿಗೆ ಮುಗಿಯಿತು, ಇನ್ನೆಲ್ಲೂ ಸಿಗುವುದಿಲ್ಲ. ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವಳು ಒಂದು ಬೆಳಿಗ್ಗೆ ಜಂಬ ಬದಿಗಿಟ್ಟು ಗುಂಪಿನಲ್ಲಿ ನಾನೇ ಕೇಳಿದೆ, ಅವರೆ ಯಾಕೆ ಹೂ ಬಿಡ್ತಿಲ್ಲ, ಗೊತ್ತಿದ್ದವರು ಹೇಳಿ ಎಂದು.

ಯಾರಿಗೂ ಗೊತ್ತಿರಲಿಲ್ಲ. ಮಧ್ಯಾಹ್ನ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮೊಮ್ಮಕ್ಕಳು ಆಟವಾಡಿ ಚಾರ್ಜು ಮುಗಿಸುತ್ತಾರೆಂದು ಯಾವಾಗಲೂ ಹಾಗೆಯೇ ಮಾಡುವುದು. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ರಾಗಿ ಬೀಸಿಸಲು ಹೊರಟೆ. ಮನೆಯಲ್ಲಿ ಯಾರೂ ಇರಲಿಲ್ಲ. ಗಿರಣಿಯಲ್ಲಿ ಜನವೋ ಜನ. ಎರಡು ಗಂಟೆ ಕಾಲ ಗೋಡೆಗೊರಗಿ ಗಿಡದ ಯೋಚನೆಯಲ್ಲೇ ಕೂತಿದ್ದೆ.

ನಾಲ್ಕೂವರೆಗೆ ಬಂದು ಬೀರು ತೆಗೆದರೆ ಗುಂಪಿನಲ್ಲಿ ಒಂದೇ ನಗು. "ಪ್ರಶ್ನೆನೂ ನಿಮ್ದೇ, ಉತ್ರನೂ ನಿಮ್ದೇನಾ ಅಜ್ಜಿ?" ಎಂದು ಒಬ್ಬರು. "ಅಮ್ಮಾರ, ನಿಮಗ ನೀವ ಬೈಕೊಂಡಿರಲ್ರಿ!" ಎಂದು ಸರೋಜಮ್ಮ. ಹುಡುಕಿ ನೋಡಿದೆ. ಮೂರು ಗಂಟೆಗೆ ನನ್ನ ನಂಬರಿನಿಂದಲೇ ಮಾತು ಹೋಗಿದೆ. ಒತ್ತಿದೆ. ನನ್ನದೇ ಗಂಟಲು.

"ಲೇ ದಡ್ಡಿ, ರಾತ್ರಿಯೆಲ್ಲ ತಲೆ ಮೇಲೆ ದೀಪ ಉರಿಸಿದ್ರೆ ನೀನಾದ್ರೂ ಹಡೀತಿದ್ಯೇನೇ? ಅವರೆಗೆ ಕತ್ತಲೆ ಬೇಕು ಕಣೇ. ದೀಪ ತೆಗಿ."

ಅಷ್ಟೇ. ಮಾತಿನ ಹಿಂದೆ ಗಿರಣಿಯ ದಡದಡ ಸದ್ದು.

ಮೂರು ಸಲ ಕೇಳಿದೆ. ಕೆಲಸದಿಂದ ಬಂದ ಮಂಜುಳಳಿಗೂ ಕೇಳಿಸಿದೆ. "ನೀವೇ ಕಣತ್ತೆ. ಹೇಳಿ ಮರ್ತಿದೀರ" ಎಂದಳು. ಫೋನು ಬೀರುವಿನಲ್ಲಿ, ಬೀಗದ ಕೈ ನನ್ನ ಸೊಂಟದಲ್ಲಿ, ನಾನು ಗಿರಣಿಯಲ್ಲಿ, ಹೇಗೆ ಹೇಳಿದೆ ಎಂದು ಕೇಳಿದ್ದಕ್ಕೆ ಕಾಫಿ ಇಡುತ್ತೇನೆಂದು ಒಳಗೆ ಹೋದಳು. ಮುಂದಿನ ವಾರ ಗಿರಣಿಯವನನ್ನೂ ವಿಚಾರಿಸಿದೆ. "ಅವತ್ತು ನೀವು ಬಾಯೇ ಬಿಡ್ಲಿಲ್ಲಜ್ಜಿ. ನಂಗೇ ಆಶ್ಚರ್ಯ ಆಯ್ತು" ಎಂದ.

ನನ್ನ ದನಿಯನ್ನು ಯಾರೋ ಕದ್ದರು ಎನ್ನೋಣ. ಆ ವಿಷಯ ಎಲ್ಲಿಂದ ಬಂತು? ಸೊಗಡಿನ ಅವರೆ ರಾತ್ರಿ ಉದ್ದವಾಗಿ ಕತ್ತಲಾದರೆ ಮಾತ್ರ ಹೂ ಬಿಡುತ್ತದೆ, ಅದು ನಿಜ ಎಂದು ಕೃಷಿ ಓದಿದ ಹೆಂಗಸೊಬ್ಬರು ಆಮೇಲೆ ಗುಂಪಿನಲ್ಲಿ ತಿಳಿಸಿದರು. ನನಗಂತೂ ಗೊತ್ತಿರಲಿಲ್ಲ. ನಮ್ಮ ಹೊಲದಲ್ಲಿ ದೀಪವೇ ಇರಲಿಲ್ಲ, ಕತ್ತಲೆ ಬೇಕೆಂದು ಗೊತ್ತಾಗುವುದಾದರೂ ಹೇಗೆ?

ಸಂಕ್ರಾಂತಿಗೆ ಹೂ ಬಿಟ್ಟಿತು, ಶಿವರಾತ್ರಿ ಹೊತ್ತಿಗೆ ಕಾಯಿ. ಒಂದನ್ನೂ ಸಾರಿಗೆ ಹಾಕದೆ ಎಲ್ಲವನ್ನೂ ಬೀಜಕ್ಕೆ ಬಿಟ್ಟೆ. ಈಗ ಆ ಅವರೆ ಇಪ್ಪತ್ತು ಮನೆಗಳ ತಾರಸಿಯಲ್ಲಿದೆ, ನನ್ನ ಮಡಕೆ ಒಡೆದರೂ ಚಿಂತೆಯಿಲ್ಲ. ಆ ಫೋನು ಕೆಟ್ಟುಹೋಯಿತು. ಸರೋಜಮ್ಮನ ಫೋನಿನಲ್ಲಿ ಆ ಮಾತು ಇನ್ನೂ ಇದೆಯಂತೆ. ಕೇಳಲು ಹೋಗಿಲ್ಲ. ಕೇಳಿದರೂ ಇದಕ್ಕಿಂತ ಹೆಚ್ಚು ತಿಳಿಯುವುದಿಲ್ಲ.

ಆ ಮಾತು ಕೇಳಿದ ಸಂಜೆ ಮಾತ್ರ ಹಟಕ್ಕೆ ಬಿದ್ದು ದೀಪ ಹಾಕಿಯೇ ಮಲಗಿದೆ. ನನ್ನದೇ ದನಿಯಾದರೂ ಸರಿ, ಯಾರೋ ದಡ್ಡಿ ಅಂದರೆಂದು ಕುಣಿಯುವವಳಲ್ಲ ನಾನು. ಬೆಳಿಗ್ಗೆ ಎದ್ದು ತಾರಸಿಗೆ ಹೋದೆ. ಹನ್ನೊಂದು ಗಿಡ, ಬರೀ ಎಲೆ. ಸ್ಟೂಲು ಹತ್ತಿ ಬಲ್ಬು ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡು ಕೆಳಗೆ ಬಂದೆ. ಫೋನು ತೆಗೆದು ಮೈಕು ಒತ್ತಿ, ಗುಂಪಿನವರೆಲ್ಲ ಕೇಳಿದರೆ ಕೇಳಲಿ ಎಂದು, "ತೆಗ್ದಿದೀನಿ ಕಣೇ. ಇನ್ನು ಬಾಯ್ಮುಚ್ಕೊಂಡಿರು" ಎಂದೆ.