ಈ ವಿಳಾಸದಲ್ಲಿ ವಾಸವಿಲ್ಲ

ರಾಷ್ಟ್ರೀಯ ಹಬ್ಬಗಳಿಗೆ ನಮ್ಮ ಶಾಲೆಯ ಮಕ್ಕಳಿಗೆ ಭಾಷಣ ಬರೆದುಕೊಡುವವಳು ನಾನೇ. ಇಪ್ಪತ್ತಾರು ವರ್ಷಗಳಿಂದ ಅದೇ ಭಾಷಣ. ಓದುವ ಹುಡುಗಿ ಬದಲಾಗುತ್ತಾಳೆ. "ಗಡಿಯಲ್ಲಿ ಸೈನಿಕ ಎಚ್ಚರವಾಗಿರುವುದರಿಂದಲೇ ನಾವು ಇಲ್ಲಿ ಸ್ವತಂತ್ರರಾಗಿದ್ದೇವೆ" ಎಂಬ ಸಾಲು ಮಾತ್ರ ಬದಲಾಗುವುದಿಲ್ಲ. ನಂಬಿ ಬರೆದೆನೋ, ರೂಢಿಗೆ ಬರೆದೆನೋ, ಈಗ ಕೇಳಿದರೆ ಹೇಳಲಾರೆ.

ಶಾಲೆ ಇರುವುದು ಮುಗದದ ಆಚೆಯ ಒಂದು ಹಳ್ಳಿಯಲ್ಲಿ. ಧಾರವಾಡದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕೆಲಸಕ್ಕೆ ಸೇರಿದಾಗ ಪಾಠ ಹೇಳುವುದಷ್ಟೇ ಎಂದುಕೊಂಡಿದ್ದೆ, ಪುಣ್ಯಾತ್ಗಿತ್ತಿ. ಜನಗಣತಿ ಬಂತು, ಬಿಸಿಯೂಟ ಬಂತು, ಸಮೀಕ್ಷೆಗಳು ಬಂದವು, ಕೊನೆಗೆ ಮತದಾರರ ಪಟ್ಟಿಯೂ ನನ್ನ ಕೊರಳಿಗೆ ಬಿತ್ತು. ಪಟ್ಟಿಗೆ ಹೆಸರು ಸೇರಿಸಲು ಅರ್ಜಿ ಹಾಕಿದವರು ನಿಜವಾಗಿ ಆ ಮನೆಯಲ್ಲಿದ್ದಾರೆಯೇ ಎಂದು ನೋಡಿ ಬರೆಯಬೇಕು. ಶಾಲೆ ಬಿಟ್ಟ ಮೇಲೆ, ಸಂಜೆಯ ಬಸ್ಸು ಬರುವುದರೊಳಗೆ.

ಆ ಚಳಿಗಾಲ ಒಂದು ಅರ್ಜಿ ಹಿಡಿದು ಹಣಮಪ್ಪನ ಗುಡಿಯ ಹಿಂದಿನ ಮನೆಗೆ ಎರಡು ಸಲ ಹೋದೆ. ಎರಡು ಸಲವೂ ಬೀಗ. ಪಕ್ಕದ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಅಜ್ಜಿಯನ್ನು ಕೇಳಿದೆ.

"ಅಂವಾ ಮಿಲಿಟ್ರ್ಯಾಗ ಅದಾನ್ರಿ ಅಕ್ಕೋರ. ಇಲ್ಲೆಲ್ಲಿ ಇರತಾನ?"

ಅರ್ಜಿಯಲ್ಲಿ ಫೋನ್ ನಂಬರ್ ಇತ್ತು. ನಾನು ಫೋನ್ ಮಾಡಲಿಲ್ಲ. ಮೊಣಕಾಲು ನೋಯುತ್ತಿತ್ತು, ಬಸ್ಸಿನ ಹಾರ್ನ್ ಕೇಳಿಸಿತ್ತು. ಅಲ್ಲೇ ನಿಂತು 'ಈ ವಿಳಾಸದಲ್ಲಿ ವಾಸವಿಲ್ಲ' ಎಂದು ಬರೆದು ಸಹಿ ಮಾಡಿದೆ.

ಜನವರಿ ಇಪ್ಪತ್ತಾರಕ್ಕೆ ಹೆಡ್‌ಮಾಸ್ತರರು ಊರಿನ ಒಬ್ಬ ಹವಾಲ್ದಾರರನ್ನು ಅತಿಥಿಯಾಗಿ ಕರೆದರು. ಹಿಂದಿನ ವರ್ಷವಷ್ಟೇ ಸೈನ್ಯದಿಂದ ನಿವೃತ್ತರಾಗಿ ಬಂದು, ರಾಯಾಪುರದ ಕಾರ್ಖಾನೆಯೊಂದರ ಗೇಟಿನಲ್ಲಿ ಕಾವಲು ಕೆಲಸ ಹಿಡಿದಿದ್ದರು. ಹಾರ ಹಾಕಿದವಳು ನಾನು. ನನ್ನ ಸಾಲನ್ನು ಹುಡುಗಿ ಗಟ್ಟಿಯಾಗಿ ಓದಿದಳು. ಬುಂದೆಲಾಡು ಹಂಚುವಾಗ ಅವರು ಹೇಳಿದರು: "ಸರ್ವಿಸ್‌ನ್ಯಾಗ ಒಮ್ಮಿನೂ ಓಟ್ ಹಾಕಾಕ ಆಗಲಿಲ್ರಿ. ಟಪಾಲ್ ಓಟಿನ ಚೀಟಿ ಬರೂದ್ರಾಗ ಇಲೆಕ್ಷನ್ ಮುಗದಿರತಿತ್ತು. ಈ ಸಲ ನಾ ಕಲ್ತ ಸಾಲ್ಯಾಗ, ಇಲ್ಲೇ ಹಾಕ್ತೇನಿ. ಅರ್ಜಿ ಕೊಟ್ಟೇನ್ರಿ." ಹೌದ್ರಿ, ಛಲೋ ಆತು ಎಂದೆ. ಆ ಅರ್ಜಿಯಲ್ಲಿದ್ದ ಹೆಸರು ನನಗೆ ಆಗಲೇ ಮರೆತಿತ್ತು; ಮನೆ ಯಾವುದು ಎಂದು ಕೇಳುವ ಬುದ್ಧಿಯೂ ಬರಲಿಲ್ಲ.

ಮತದಾನದ ದಿನ ಸುಡು ಬಿಸಿಲು. ಶಾಲೆಯ ಅಂಗಳದಲ್ಲಿ ಟೇಬಲ್ ಹಾಕಿಕೊಂಡು ಪಟ್ಟಿಯಲ್ಲಿ ಹೆಸರು ಹುಡುಕಿಕೊಡುತ್ತಿದ್ದೆ. ಹವಾಲ್ದಾರರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಕಾರ್ಡು ಇನ್ನೂ ಕೈಗೆ ಬಂದಿಲ್ಲ, ಆಧಾರ್ ನಡೆಯುತ್ತದಲ್ಲವೇ ಎಂದರು. ಹುಡುಕಿದೆ. ಹೆಸರಿಲ್ಲ.

"ಮನಿ ಎಲ್ಲೈತ್ರಿ ನಿಮ್ದು?"

"ಹಣಮಪ್ಪನ ಗುಡಿ ಹಿಂದ್ರಿ."

ನನಗೆ ಗೊತ್ತಾಯಿತು. ಇಪ್ಪತ್ತು ವರ್ಷ ಊರಿನವರ ಬಾಯಲ್ಲಿ ಅದು ಮಿಲಿಟ್ರಿಯವನ ಮನೆ. ಅವರು ಮರಳಿ ಬಂದದ್ದು ಆ ಅಜ್ಜಿಯ ನಾಲಿಗೆಗೆ ಇನ್ನೂ ತಿಳಿದಿರಲಿಲ್ಲ. ಅದನ್ನೇ ನಾನು ಸರ್ಕಾರದ ಕಾಗದದ ಮೇಲೆ ಇಳಿಸಿದ್ದೆ.

"ಕಂಪ್ಯೂಟರ್‌ದಾಗ ಏನೋ ತಪ್ಪಾಗಿರಬೇಕ್ರಿ" ಎಂದುಬಿಟ್ಟೆ.

ಸಾಲಿನಲ್ಲಿದ್ದವರು ಸುಮ್ಮನಿರಲಿಲ್ಲ. "ಮಿಲಿಟ್ರಿ ಮನಷ್ಯಾ ಅದಾನ, ಹಾಕ್ಲಿ ಬಿಡ್ರಿ" ಎಂದು ಒಬ್ಬ ಕೂಗಿದ. ಹವಾಲ್ದಾರರೇ ಅವನನ್ನು ತಡೆದರು. "ಹಂಗ ನಡ್ಯಂಗಿಲ್ಲೋ. ಇವತ್ತ ನನ್ನ ಬಿಟ್ರ ನಾಳೆ ಇನ್ನ್ಯಾರನ್ನರ ಬಿಡಬೇಕಾಕ್ಕೈತಿ." ಆಮೇಲೆ ನನ್ನ ಮುಂದಿದ್ದ ಪಟ್ಟಿಯ ಮೇಲೆ ಬೆರಳಿಟ್ಟು ಮೆಲ್ಲಗೆ ಕೇಳಿದರು: "ಗಡಿ ನಾವು ಕಾಯ್ತೀವ್ರಿ ಅಕ್ಕೋರ. ಇದನ್ನ ಯಾರ್ ಕಾಯ್ತಾರ್ರಿ?"

ಬಿಸಿಲಿನಲ್ಲಿ ಕುಳಿತಿದ್ದೀರಿ, ನೀರು ಕುಡಿಯಿರಿ ಎಂದು ನನಗೇ ಹೇಳಿ ಹೋದರು. ಆ ಉಪಚಾರ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಸಂಜೆ ಬಸ್ಸಿನಲ್ಲಿ ನನ್ನ ಭಾಷಣದ ಸಾಲು ನೆನಪಾಗಿ ನಾಚಿಕೆಯಾಯಿತು. ಅವರು ಅಲ್ಲಿ ಎಚ್ಚರವಾಗಿದ್ದದ್ದು ಸುಳ್ಳಲ್ಲ. ಅಷ್ಟು ವರ್ಷ ಹಿಮದಲ್ಲಿ ನಿಂತು ಕಾದ ಆ ಸ್ವಾತಂತ್ರ್ಯ ಅವರ ಊರಿನ ಬಸ್‌ಸ್ಟ್ಯಾಂಡಿನವರೆಗೂ ಸುರಕ್ಷಿತವಾಗಿಯೇ ಬಂದಿತ್ತು. ಅಲ್ಲಿಂದ ಮುಂದೆ ನಾನು ಕಾಯಬೇಕಿತ್ತು. ನನ್ನ ಪಾಲಿಗೆ ಬಂದದ್ದು ಎಂಥ ಪುಟ್ಟ ಪಹರೆ! ಒಂದು ಫೋನು, ಇಲ್ಲವೇ ಇನ್ನೊಂದು ಸಲ ಆ ಓಣಿಯವರೆಗೆ ನಡಿಗೆ. ಅಷ್ಟಕ್ಕೇ ದಣಿದಿದ್ದೆ. ಈಗಲೂ ದಣಿದೇ ಇದ್ದೇನೆ, ಆದರೆ ಅದನ್ನು ನೆಪವಾಗಿ ಹೇಳಲು ಬಾಯಿ ಬರುವುದಿಲ್ಲ.

ಮುಂದಿನ ರವಿವಾರ ಹೊಸ ಅರ್ಜಿ ತೆಗೆದುಕೊಂಡು ಅವರ ಮನೆಗೆ ಹೋದೆ. ಅವತ್ತು ಅವರು ಕಾರ್ಖಾನೆಗೆ, ಹೆಂಡತಿ ಹೊಲಕ್ಕೆ ಹೋಗಿರಲಿಲ್ಲ; ಬಾಗಿಲು ತೆರೆದಿತ್ತು. ಹೆಂಡತಿ ಚಹಾ ತಂದಿಟ್ಟರು. ತಪ್ಪು ಕಂಪ್ಯೂಟರಿನದಲ್ಲ, ನನ್ನದು ಎಂದು ಎಲ್ಲವನ್ನೂ ಹೇಳಿದೆ. ಪರವಾಗಿಲ್ಲ ಎನ್ನುತ್ತಾರೆಂದು ಕಾದೆ. ಅವರು ಹಾಗೆನ್ನಲಿಲ್ಲ. ಅರ್ಜಿ ತುಂಬಿ ನನ್ನ ಕೈಗೆ ಕೊಟ್ಟು, ನನ್ನೆದುರು ಹೊಸ್ತಿಲ ಬಳಿ ನೆಟ್ಟಗೆ ನಿಂತರು.

"ಛಂದಂಗ ನೋಡ್ರಿ ಅಕ್ಕೋರ. ಇಲ್ಲೇ ಅದೇನಿ. ಹಂಗಂತ ಬರೀರಿ."

'ಈ ವಿಳಾಸದಲ್ಲಿ ವಾಸವಿದ್ದಾರೆ' ಎಂದು ಬರೆದೆ. ಅವರು ಕಾಗದ ತೆಗೆದುಕೊಂಡು ಒಂದೊಂದೇ ಅಕ್ಷರ ಓದಿದರು. ಓದಿ ಮುಗಿಸಿದ ಮೇಲೆಯೇ ಚಹಾ ತೊಗೋರಿ ಎಂದರು.