ಡಬ್ಬಿಯ ತಳದ ಹಿಡಿ ಅಕ್ಕಿ

ಮನೆಯಲ್ಲಿ ದಿನಸಿ ತುಂಬಿರದಿದ್ದರೆ ಕೌಲ್ ಬಜಾರಿನ ಪಂಪಾವತಿಗೆ ನಿದ್ದೆ ಹತ್ತುವುದಿಲ್ಲ. ಗಂಡ ಮಾರೇಶನ ಆಟೋ ಓಡಿದ ದಿನ ಸಂಪಾದನೆ, ಓಡದ ದಿನ ಏನೂ ಇಲ್ಲ. ಅದಕ್ಕೇ ಸುಗ್ಗಿಯಲ್ಲೇ ತವರೂರು ಸಿರುಗುಪ್ಪದಿಂದ ಅಕ್ಕಿ ತರಿಸಿ ದೊಡ್ಡ ತಗಡಿನ ಡಬ್ಬಿ ತುಂಬಿಸುತ್ತಾಳೆ. ಬೇಳೆ, ಜೋಳ, ಹುಣಸೆಹಣ್ಣು, ಒಣಮೆಣಸಿನಕಾಯಿ ಕೈಗೆ ಬಂದಾಗ ಬಂದಷ್ಟು ಕೂಡಿಡುತ್ತಾಳೆ. ಹಳೆಯದು ಮುಂದೆ, ಹೊಸದು ಹಿಂದೆ. ಹಳೇ ಬೇಳೆ ಮುಗಿಯುವ ಮೊದಲು ಯಾರಾದರೂ ಹೊಸದಕ್ಕೆ ಕೈ ಹಾಕಿದರೋ, ಅವರ ಕಥೆ ಮುಗಿಯಿತು!

ಆದರೂ ವರ್ಷ ವರ್ಷ ಅಕ್ಕಿಗೆ ನುಸಿ ಬೀಳುತ್ತಿತ್ತು. ಬೇವಿನೆಲೆ ಹಾಕಿದಳು, ಮೆಣಸಿನಕಾಯಿ ಹುಗಿದಿಟ್ಟಳು. ನುಸಿ ಜಗ್ಗಲಿಲ್ಲ. ಕೊನೆಗೆ ಕಳ್ಳ ಸಿಕ್ಕಿದ್ದು ಮನೆಯ ಪದ್ಧತಿಯಲ್ಲೇ. ಡಬ್ಬಿ ಪೂರ್ತಿ ಬರಿದಾದರೆ ಲಕ್ಷ್ಮಿ ಹೊರಟುಹೋಗುತ್ತಾಳೆ, ತಳದಲ್ಲಿ ಹಿಡಿ ಅಕ್ಕಿ ಉಳಿಸಿ ಅದರ ಮೇಲೆಯೇ ಹೊಸದು ಸುರಿಯಬೇಕು ಎಂದು ಅತ್ತೆ ಮಾರೆಮ್ಮ ನಡೆಸಿಕೊಂಡು ಬಂದಿದ್ದಳು. ಆ ಹಿಡಿ ಅಕ್ಕಿಯಲ್ಲಿ ಲಕ್ಷ್ಮಿ ಇದ್ದಳೋ ಇಲ್ಲವೋ, ನುಸಿಯ ಸಂಸಾರವಂತೂ ಸುಖವಾಗಿತ್ತು. ಈ ಸಲ ಪಂಪಾವತಿ ತಳದ ಅಕ್ಕಿಯನ್ನು ಕೋಳಿಗೆ ಚೆಲ್ಲಿ, ಡಬ್ಬಿ ತೊಳೆದು, ಮಾಳಿಗೆಯ ಬಿಸಿಲಲ್ಲಿ ಬೋರಲು ಹಾಕಿಬಿಟ್ಟಳು.

"ಲಕ್ಷ್ಮೀನ ಹೊರಗ ಹಾಕಿದ್ಯಲ್ಲವ್ವಾ!" ಮಾರೆಮ್ಮ ಎದೆ ಬಡಿದುಕೊಂಡಳು.

"ನಾ ಹೊರಗ ಹಾಕಿದ್ದು ಹುಳಾನ, ಅತ್ತಿ."

ಗ್ರಹಚಾರ ನೋಡಿ. ಹೊಸ ಅಕ್ಕಿ ತುಂಬಿದ ಕೆಲವೇ ದಿನಕ್ಕೆ ಸಂಗನಕಲ್ಲು ರಸ್ತೆಯಲ್ಲಿ ಆಟೋ ಪಲ್ಟಿಯಾಗಿ ಮಾರೇಶನ ಕಾಲು ಮುರಿಯಿತು. ಓಣಿಗೆ ಅಷ್ಟೇ ಸಾಕಾಯಿತು. ಆಸ್ಪತ್ರೆಯಿಂದ ಅವನು ಮನೆಗೆ ಬರುವಷ್ಟರಲ್ಲಿ ತಪ್ಪೆಲ್ಲ ಡಬ್ಬಿ ತೊಳೆದವಳ ತಲೆಗೆ ಕಟ್ಟಿಯಾಗಿತ್ತು. ಪಂಪಾವತಿಗೆ ಮೈಯೆಲ್ಲ ಉರಿಯಿತು. ಆದರೂ ಒಲೆ ಆರಲು ಬಿಡಲಿಲ್ಲ. ಗಂಡ ಮಂಚ ಹಿಡಿದ ಆ ತಿಂಗಳುಗಳಲ್ಲಿ ಮನೆಯವರೆಲ್ಲ ಉಂಡದ್ದು ಅವಳು ಕೂಡಿಟ್ಟದ್ದನ್ನೇ. ಅನ್ನದಲ್ಲಿ ಒಂದು ಹುಳ ಕಾಣಲಿಲ್ಲ. ಅದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಒಂದು ಮಧ್ಯಾಹ್ನ ಕುರುಗೋಡಿನಿಂದ ಮಾರೇಶನ ಅಕ್ಕ ಚನ್ನವೀರಮ್ಮ ಬಂದಳು. ಸೆರಗಿನಲ್ಲಿ ಹಿಡಿ ಅಕ್ಕಿಯ ಪುಟ್ಟ ಗಂಟು.

"ದೇವರ ಮುಂದ ಇಟ್ಟು ತಂದೀನಿ. ಡಬ್ಬಿ ತಳಕ್ಕ ಹಾಕಿ, ತಪ್ಪಾತು ಅಂತ ಕೈ ಮುಗಿ."

"ನಾ ಏನು ತಪ್ಪು ಮಾಡೀನಿ, ಅಕ್ಕಾ?"

"ಹಾಕಿಬಿಡು, ಒಂದು ಹಿಡಿ ಅಲ್ಲೇನು," ಎಂದ ಮಾರೇಶ ಮಂಚದಿಂದ.

ಪಂಪಾವತಿ ಅವನ ಕಡೆ ತಿರುಗಿದಳು. "ನಿಮ್ಮ ಕಾಲು ಮುರದದ್ದು ನನ್ನಿಂದ ಅಂತೀರೇನು?"

ಅವನು ಗೋಡೆ ನೋಡಿದ. ಚನ್ನವೀರಮ್ಮನ ಮಾತಿಗಿಂತ ಪಂಪಾವತಿಯನ್ನು ಹೆಚ್ಚು ಕೆರಳಿಸಿದ್ದು ಅದೇ. ಆಗ ತಾನೇ ಬಸಿದ ಅನ್ನದ ಬೋಗುಣಿಯನ್ನು ತನ್ನ ಪಕ್ಕಕ್ಕೆ ಎಳೆದುಕೊಂಡು ಕುಳಿತಳು.

"ಹಂಗಾದ್ರ ಇದನ್ನ ಯಾರೂ ಉಣ್ಣಬ್ಯಾಡ್ರಿ. ಮನಿ ಕೆಡಸಿದಾಕಿ ಕೈ ಅಕ್ಕಿ ಐತಿ ಇದು. ಅಕ್ಕ ತಂದ ಹಿಡಿ ಅಕ್ಕೀನ ಬೇಯಿಸ್ಕೊಂಡು ಉಣ್ರಿ."

ಬಿಸಿ ಅನ್ನದ ವಾಸನೆ ಮನೆಯಲ್ಲೆಲ್ಲ ಹರಡಿತ್ತು. ಕೊನೆಗೆ ಮಾರೆಮ್ಮ ತಟ್ಟೆ ಹಿಡಿದು ಸೊಸೆಯ ಎದುರು ಬಂದು ಕುಳಿತಳು.

"ನನಗ ಹಸಿವಾಗೈತಿ. ನೀಡವ್ವ."

"ಅವ್ವಾ!" ಎಂದಳು ಚನ್ನವೀರಮ್ಮ.

"ಸುಮ್ಕಿರು. ಇಷ್ಟು ದಿನ ನಿನ್ನ ತಮ್ಮಗ ಕೂಳು ಹಾಕಿದಾಕಿ ಈಕಿ."

ಪಂಪಾವತಿಯ ಕಣ್ಣು ತುಂಬಿತು. ಅತ್ತೆಗೆ ಬಡಿಸಿದಳು. ಮಾರೇಶ ತನ್ನ ತಟ್ಟೆ ಚಾಚಿದ. ಅವಳು ಸೌಟು ಎತ್ತಲಿಲ್ಲ.

"ಮೊದಲು ಹೇಳ್ರಿ."

"ಏನು ಹೇಳ್ಲಿ?" ಎಂದವನು ತಲೆ ತಗ್ಗಿಸಿದ. "ರಸ್ತ್ಯಾಗ ತಗ್ಗು ಐತಿ ಅಂತ ಗೊತ್ತಿದ್ರೂ ಜೋರು ಬಿಟ್ಟವ ನಾನು. ನಿಂದೇನೂ ಇಲ್ಲ."

"ಓಣಿಯವರು ಕೇಳಿದ್ರ?"

"ಅವರಿಗೂ ಇದನ್ನ ಹೇಳ್ತೀನಿ."

ಆಮೇಲೆ ಅವನಿಗೂ ಬಡಿಸಿದಳು, ಚನ್ನವೀರಮ್ಮನಿಗೂ ಬಡಿಸಿದಳು. ಚನ್ನವೀರಮ್ಮ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು. ಸಂಜೆ ಅವಳ ಗಂಟು ಬಿಚ್ಚದೆ ಹಾಗೆಯೇ ಕುರುಗೋಡಿಗೆ ಹೋಯಿತು.