ಹನ್ನೆರಡನೇ ಪುಸ್ತಕದ ಪಟ್ಟಿ

ನಮ್ಮನೆಯವರ ಹೆಸರು ಎಯ್ಸಾಕು. ಕಸುಮಿಯ ಬಂದರು ಬೀದಿಯಲ್ಲಿ ನಲವತ್ತಾರು ವರ್ಷ ಕ್ಷೌರದಂಗಡಿ ನಡೆಸಿದರು. ಹೋದ ಫೆಬ್ರವರಿಯಲ್ಲಿ ತೀರಿಕೊಂಡರು. ಒಳ್ಳೆಯ ಕೆಲಸಗಾರ ಎಂದು ಊರೇ ಹೇಳುತ್ತದೆ, ಅದನ್ನು ನಾನು ಬರೆಯಬೇಕಿಲ್ಲ. ಅವರು ಓದುತ್ತಿದ್ದರು. ಅದು ಗೊತ್ತಿದ್ದದ್ದು ಮೂರೇ ಜನಕ್ಕೆ.

ಹದಿನೈದನೇ ವಯಸ್ಸಿಗೆ ಹತ್ತಿರದ ಪಟ್ಟಣ ತೊಯೊಒಕದ ಕ್ಷೌರಿಕರೊಬ್ಬರ ಹತ್ತಿರ ಕೆಲಸಕ್ಕೆ ಸೇರಿದವರು. ಜೊತೆಯವರು ಹೈಸ್ಕೂಲಿಗೆ ಹೋದರು, ಇವರು ಕೂದಲು ಗುಡಿಸಿದರು. ನಾನೂ ಅದೇ ವಯಸ್ಸಿಗೆ ಏಡಿ ವಿಂಗಡಿಸುವ ಶೆಡ್ಡಿಗೆ ಹೋದೆ. ಮಕ್ಕಳಾಗಲಿಲ್ಲ. ಹೀಗಾಗಿ ಹೈಸ್ಕೂಲು ಹೇಗಿರುತ್ತದೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಂಗಡಿಯಲ್ಲಿ ಕಾಯುವವರಿಗೆಂದು ಒಂದು ಕಪಾಟಿನಲ್ಲಿ ಮಾಂಗಾ ಚಿತ್ರಕತೆ ಪುಸ್ತಕಗಳಿದ್ದವು. ರೌಡಿಗಳ ಕತೆ, ಬೇಸ್‌ಬಾಲ್ ಕತೆ. ಏಳು ವರ್ಷದ ಹಿಂದೆ, ಅಪ್ಪನ ಜೊತೆ ಬಂದ ಹುಡುಗಿಯೊಬ್ಬಳು ತನ್ನದೊಂದನ್ನು ಮರೆತು ಹೋದಳು. ಗುಲಾಬಿ ಬಣ್ಣದ ಹೊದಿಕೆ. ಹೈಸ್ಕೂಲಿನ ಒಬ್ಬ ಹುಡುಗ, ಅವನ ಮುಂದೆ ಕೂರುವ ಒಬ್ಬ ಹುಡುಗಿ, ಅಷ್ಟೇ ಕತೆ. ಮತ್ತೆ ಬಂದಾಗ ಕೊಡೋಣ ಎಂದು ಎತ್ತಿಟ್ಟರು. ಅವಳು ಬಂದು ತೆಗೆದುಕೊಂಡು ಹೋಗುವಷ್ಟರಲ್ಲಿ ಇವರು ತಮಗೊಂದು ಕೊಂಡಾಗಿತ್ತು. ಆಗ ಅವರಿಗೆ ಅರವತ್ತನಾಲ್ಕು.

ಆರೇಳು ತಿಂಗಳಿಗೊಂದು ಆ ಕತೆಯ ಮುಂದಿನ ಪುಸ್ತಕ ಬರುತ್ತಿತ್ತು. ಪುಸ್ತಕದಂಗಡಿಯ ಮುರೋಯಿ ಅವರು ಅದನ್ನು ಇವರ ಹೆಸರಿನಲ್ಲಿ ತೆಗೆದಿಟ್ಟು, ಕಂದು ಕಾಗದದ ಹೊದಿಕೆ ಹಾಕಿ ಕೊಡುತ್ತಿದ್ದರು. ಹೊರಗಿನವರಿಗೆ ಏನು ಪುಸ್ತಕ ಎಂದು ತಿಳಿಯುತ್ತಿರಲಿಲ್ಲ. ನನಗೆ ಊಟದ ಹೊತ್ತಿಗೆ ತಿಳಿಯುತ್ತಿತ್ತು.

"ಏನಾಯ್ತಂತೆ ಈ ಸಲ?"

"ರಬ್ಬರ್ ವಾಪಸ್ ಕೊಟ್ಟ."

"ಯಾವ ರಬ್ಬರು?"

"ಮೊದಲ್ನೇ ಪುಸ್ತಕದಲ್ಲಿ ಅವಳು ಕೊಟ್ಟಿದ್ಳಲ್ಲ, ಅದು."

"ಒಂದು ರಬ್ಬರಿಗೆ ನಾಲ್ಕು ಪುಸ್ತಕ ಬೇಕಾಯ್ತಾ? ಬಿಲ್ಲೆಯಷ್ಟು ಸವೆದಿರತ್ತೆ ಬಿಡಿ."

"ಅವನು ಅದರಲ್ಲಿ ಒಂದ್ಸಲಾನೂ ಅಳಿಸಿಲ್ಲ ಕಣೇ. ಅದೇ ವಿಷಯ."

ನಾನು ಮೂಲಂಗಿ ಉಪ್ಪಿನಕಾಯಿಯ ಇನ್ನೊಂದು ಹೋಳು ಕಡಿದೆ.

ಗುಟ್ಟು ತಿಳಿದ ಮೂರನೆಯವನು ದೋಣಿಯ ಕುಮಾದ. ಮುಖಕ್ಕೆ ನೊರೆ ಹಚ್ಚಿಕೊಂಡು ಮಲಗಿದ್ದವನು ಪಕ್ಕದಲ್ಲಿದ್ದ ಪುಸ್ತಕದ ಕಾಗದ ಸರಿಸಿ ನೋಡಿದ.

"ಏನಯ್ಯಾ ಎಯ್ಸಾಕು, ನಿಂಗೆ ಪ್ರಾಯ ಈಗ ಬಂತಾ?"

"ಅಲ್ಲಾಡಬೇಡ. ಕತ್ತಿ ಕುತ್ತಿಗೆ ಮೇಲಿದೆ."

ಮುಂದಿನ ತಿಂಗಳು ಕುಮಾದ ಮೊದಲನೇ ಪುಸ್ತಕ ಕೇಳಿ ತೆಗೆದುಕೊಂಡು ಹೋದ. ಮೊಮ್ಮಗಳಿಗಂತೆ. ಅವನಿಗಿರುವುದು ಇಬ್ಬರು ಮೊಮ್ಮಕ್ಕಳು, ಇಬ್ಬರೂ ಗಂಡು.

ಒಮ್ಮೆ ನಾನು ನೇರವಾಗಿ ಕೇಳಿದೆ, ಏನಿದೆ ಅದರಲ್ಲಿ ಎಂದು. ಅವರು ಕತ್ತರಿ ಒರೆಸುತ್ತಿದ್ದರು. "ಯಾರೂ ಯಾರಿಗೂ ಕೆಟ್ಟದ್ದು ಮಾಡಲ್ಲ. ಅವಳಿಗೆ ಬೇಜಾರಾಗಿದೆಯಾ, ಚಳಿ ಆಗ್ತಿದೆಯಾ ಅಂತ ಅವನು ನೋಡ್ತಾನೆ. ಅವಳೂ ನೋಡ್ತಾಳೆ. ಹೇಳೋಕೆ ಇಬ್ರಿಗೂ ನಾಚಿಕೆ. ನಾಚಿಕೆಗೆ ಟೈಮ್ ಹಿಡಿಯತ್ತೆ."

ನಮ್ಮಲ್ಲಿ ಹುಡುಗ ಹುಡುಗಿ ಬಾಯಿಬಿಟ್ಟು ಇಷ್ಟ ಎನ್ನುವವರೆಗೆ ಜೊತೆಗಿದ್ದರೂ ಜೋಡಿಯಲ್ಲ. ನಮ್ಮಿಬ್ಬರದು ಮಧ್ಯಸ್ಥರು ಕೂಡಿಸಿದ್ದು. ಒಂದು ಲೋಟ ಚಹಾ, ಎರಡು ಕಡೆಯಿಂದ ಸರಿ ಎಂದರು, ಮುಗಿಯಿತು. ಇಷ್ಟ ಎಂದು ಅವರು ಯಾವತ್ತೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಆದರೆ ಏಡಿಯ ಕಾಲದಲ್ಲಿ ನಾನು ಶೆಡ್ಡಿನಿಂದ ಬೆರಳು ಮರಗಟ್ಟಿ ಬಂದಾಗ, ಟವೆಲ್ ಬಿಸಿ ಮಾಡುವ ಪೆಟ್ಟಿಗೆಯಲ್ಲಿ ನನಗೆಂದು ಒಂದು ಇರುತ್ತಿತ್ತು. ಗಿರಾಕಿ ಕುರ್ಚಿಯಲ್ಲಿದ್ದರೂ ಅದನ್ನು ಮೊದಲು ನನ್ನ ಕೈಗೆ ಸುತ್ತುತ್ತಿದ್ದರು. ಒಂದು ಚಳಿಗಾಲವೂ ತಪ್ಪಲಿಲ್ಲ.

ಜನವರಿಯಲ್ಲಿ ಅವರು ಆಸ್ಪತ್ರೆಯಲ್ಲಿದ್ದರು. ಇನ್ನು ಎರಡು ವಾರ ಉಳಿದರೆ ಹೆಚ್ಚು ಎಂದು ಡಾಕ್ಟರು ನನಗೆ ಹೇಳಿದ್ದರು. ನಮ್ಮನೆಯವರಿಗೂ ಗೊತ್ತಿತ್ತು. ಹನ್ನೆರಡನೇ ಪುಸ್ತಕ ಬಂದಿದೆ ಎಂದು ಮುರೋಯಿ ಅವರು ಫೋನ್ ಮಾಡಿದರು, ನಾನು ಹೋಗಿ ತಂದೆ.

ಪುಸ್ತಕದ ಸುತ್ತ ಒಂದು ಕಾಗದದ ಪಟ್ಟಿ ಇರುತ್ತದೆ. ಇಷ್ಟು ಲಕ್ಷ ಮಾರಾಟ, ಹಾಗೆ ಹೀಗೆ ಎಂದು ಬರೆದಿರುತ್ತಾರೆ. ನಮ್ಮನೆಯವರು ಒಂದನ್ನೂ ಎಸೆದವರಲ್ಲ. ಈ ಸಲ ದಪ್ಪ ಅಕ್ಷರದಲ್ಲಿ ಇದ್ದದ್ದು: ಕೊನೆಗೂ ಹೇಳಿಬಿಟ್ಟ.

ಮುಂದಿನದನ್ನು ಯಾರಾದರೂ ಮೊದಲೇ ಹೇಳಿದರೆ ಅವರಿಗೆ ಆಗುತ್ತಿರಲಿಲ್ಲ. ತಿಂಗಳ ಪತ್ರಿಕೆಯಲ್ಲಿ ಕತೆ ಮುಂಚೆಯೇ ಬರುತ್ತದೆಂದು ಪುಸ್ತಕದಂಗಡಿಯ ಪತ್ರಿಕೆ ಕಪಾಟಿನ ಕಡೆ ಮುಖವನ್ನೂ ತಿರುಗಿಸುತ್ತಿರಲಿಲ್ಲ. ಏಳು ವರ್ಷ ಕಾದಿದ್ದರು. ಆಸ್ಪತ್ರೆಗೆ ಹೋಗುವಾಗ ನಾನು ಬಸ್ಸಿನಲ್ಲೇ ಕಂದು ಕಾಗದ ಸರಿಸಿ ಪಟ್ಟಿ ಬಿಚ್ಚಿ ಕೋಟಿನ ಜೇಬಿಗೆ ಹಾಕಿಕೊಂಡೆ.

ಅವರು ಪುಸ್ತಕವನ್ನು ತಿರುಗಿಸಿ ನೋಡಿದರು.

"ಪಟ್ಟಿ ಎಲ್ಲಿ?"

"ಬಸ್ಸಲ್ಲಿ ಬಿತ್ತೇನೋ."

"ಹನ್ನೊಂದು ಪುಸ್ತಕದ್ದು ಬೀಳಲಿಲ್ಲ." ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ಹೇಳಿಬಿಟ್ಟನಾ ಅವನು?"

ನಾನು ಕಂಬಳಿಯ ಅಂಚು ಸರಿಪಡಿಸಿದೆ.

"ನೀನು ಸುಮ್ನಿದ್ದೀಯ ಅಂದ್ರೆ ಹೇಳಿದಾನೆ." ನಕ್ಕರು, ಕೆಮ್ಮಿದರು.

ಮುಚ್ಚಿಡಲು ಹೋಗಿ ನಾನೇ ಹಾಳು ಮಾಡಿದ್ದೆ. ಕುರ್ಚಿ ಎಳೆದು ಕೂತೆ.

"ಬಿಡೇ. ಹೇಳ್ತಾನೆ ಅಂತ ತಾನೇ ಗೊತ್ತಾಗಿದ್ದು. ಹೇಗೆ ಹೇಳ್ತಾನೆ ಅಂತ ಗೊತ್ತಿಲ್ವಲ್ಲ. ಓದು."

ಅವರಿಗೆ ಅಕ್ಷರದ ಮೇಲೆ ಕಣ್ಣು ನಿಲ್ಲುತ್ತಿರಲಿಲ್ಲ. ನಾನು ಓದಿದೆ. ಒಳಗೆ ಐದು ಅಧ್ಯಾಯ, ಆ ಮಾತು ಇದ್ದದ್ದು ಐದನೆಯದರಲ್ಲಿ. ದಿನಕ್ಕೊಂದೇ ಸಾಕು ಎಂದರು. ಮೂರನೇ ದಿನ ಜ್ವರ ಏರಿತು.

"ಉಳಿದದ್ದೆಲ್ಲ ಇವತ್ತೇ ಓದಿಬಿಡ್ತೀನಿ ರೀ."

"ಬೇಡ."

"ಹಟ ಮಾಡಬೇಡಿ. ನಾಳೆ ಅನ್ನೋದು ನಿಮ್ಮ ಕೈಲಿದೆಯಾ?"

"ಹುಡುಗ ಇನ್ನೂ ದಾರಿಯಲ್ಲಿದ್ದಾನೆ, ಬಸ್ ಸ್ಟಾಪಿನವರೆಗೂ ಬಂದಿಲ್ಲ. ಅವನನ್ನ ಯಾಕೆ ತಳ್ತೀಯ?"

ಇಂಥ ಮೊಂಡು ಮನುಷ್ಯ. ನನಗೆ ಸಿಟ್ಟು ಬಂತು. ಹೊರಗೆ ಹೋಗಿ ಬಾರ್ಲಿ ಚಹಾ ಕುಡಿದು ಬಂದೆ. ಆದರೂ ಪುಟ ಮಗುಚಿ ನೋಡಲಿಲ್ಲ.

ಐದನೇ ದಿನ ಬೆಳಿಗ್ಗೆ ಕಣ್ಣು ಬಿಟ್ಟರು. ಪುಸ್ತಕದ ಕಡೆ ನೋಡಿದರು. ನಾನು ಓದಿದೆ. ಹುಡುಗ ಬಸ್ ಸ್ಟಾಪಿನಲ್ಲಿ ಎರಡು ಬಸ್ಸು ಬಿಟ್ಟ. ಮೂರನೆಯದು ಬರುವ ಮುಂಚೆ ಹೇಳಿದ. "ನೀನಂದ್ರೆ ನಂಗಿಷ್ಟ. ತುಂಬಾ ದಿನದಿಂದ." ಆ ಮಾತನ್ನು ನಾನು ಜೀವನದಲ್ಲೇ ಗಟ್ಟಿಯಾಗಿ ಅಂದಿರಲಿಲ್ಲ.

"ಅವಳು?" ಎಂದರು.

"ತಲೆ ಆಡಿಸಿದ್ಳು. ಆಮೇಲೆ ಎರಡು ಪುಟ ಮಾತೇ ಇಲ್ಲ."

"ತೋರಿಸು."

ಆ ಎರಡು ಪುಟವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕೈ ಹಿಡಿದು, "ತಣ್ಣಗಿದೆ. ಇಲ್ಲಿ ಟವೆಲ್ ಪೆಟ್ಟಿಗೆ ಇಲ್ಲ ನೋಡು," ಎಂದು ಬೆರಳುಗಳನ್ನು ಮುಚ್ಚಿ ಇಟ್ಟುಕೊಂಡರು.

ಮೂರು ದಿನದ ಮೇಲೆ ಹೋದರು.

ಆಗಸ್ಟಿನಲ್ಲಿ ಹದಿಮೂರನೆಯದು ಬಂತು. ಇನ್ನೂ ಅವರ ಹೆಸರಿನಲ್ಲೇ ತೆಗೆದಿಟ್ಟಿದ್ದರು. "ಹೆಸರು ಹೊಡೆದುಹಾಕಲಾ ಅಮ್ಮಾ?" ಎಂದು ಮುರೋಯಿ ಅವರು ಮೆಲ್ಲಗೆ ಕೇಳಿದರು.

"ಬೇಡ, ಅದೇ ಇರಲಿ. ಪಟ್ಟಿ ಮಾತ್ರ ನೀವೇ ಬಿಚ್ಚಿ ಹಿಂದಿನ ಪುಟದಲ್ಲಿ ಇಡಿ. ನನಗೆ ತೋರಿಸಬೇಡಿ."

ಓದಿದ್ದಾಯಿತಾ ಎಂದು ಕುಮಾದ ಎರಡು ಸಲ ಬಂದು ಕೇಳಿದ. ದಿನಕ್ಕೊಂದು ಅಧ್ಯಾಯ, ಇನ್ನೂ ಮೂರಿದೆ, ಹೋಗು ಎಂದೆ.